ಎರಡನೇ ಮಹಡಿಯ ದಿಂಬುಗಳು

ಆಸ್ಪತ್ರೆಗಳ ಗೇಟಿನ ಮೇಲೆ ಸರ್ಕಾರ ನಕ್ಷತ್ರ ಹಚ್ಚಲು ಶುರು ಮಾಡಿದ ಮೇಲೆ, ಗದಗಿನ ಜನ ರೋಗಿಯನ್ನು ಆಟೋದಿಂದ ಇಳಿಸುವ ಮೊದಲು ಕತ್ತೆತ್ತಿ ನೋಡುವುದನ್ನು ರೂಢಿ ಮಾಡಿಕೊಂಡರು. ಗೇಟಿನ ನೆತ್ತಿಯ ಮೇಲೆ ಒಂದು ಕಪ್ಪು ಫಲಕ, ಅದರಲ್ಲಿ ಐದು ನಕ್ಷತ್ರಗಳಿಗೆ ಜಾಗ. ಒಳಗಿರುವ ರೋಗಿಗಳು ಎಷ್ಟು ಸುರಕ್ಷಿತವಾಗಿದ್ದಾರೆ ಎಂದು ಬೆಂಗಳೂರಿನ ಕಂಪ್ಯೂಟರು ಲೆಕ್ಕ ಹಾಕಿ ದಿನಾ ಬೆಳಿಗ್ಗೆ ಅಷ್ಟು ನಕ್ಷತ್ರ ಬೆಳಗಿಸುತ್ತಿತ್ತು. ಮೊದಮೊದಲು ಜನ ನಕ್ಕರು. ಲಾಡ್ಜಿಗೆ ಕೊಟ್ಟ ಹಾಗೆ ದವಾಖಾನೆಗೂ ಸ್ಟಾರ್ ಕೊಟ್ಟರಲ್ಲ ಎಂದು ಚಹಾದಂಗಡಿಗಳಲ್ಲಿ ಆಡಿಕೊಂಡರು. ಆಂಬುಲೆನ್ಸುಗಳು ತಾವೇ ದಾರಿ ಆರಿಸಿಕೊಳ್ಳತೊಡಗಿದಾಗ ಆ ನಗು ನಿಂತಿತು. ಮೂರಕ್ಕಿಂತ ಕಡಿಮೆ ನಕ್ಷತ್ರವಿರುವ ಆಸ್ಪತ್ರೆಯ ಕಡೆಗೆ ಅವುಗಳ ಸ್ಟೀರಿಂಗೇ ತಿರುಗುತ್ತಿರಲಿಲ್ಲ. ಡ್ರೈವರು ಮನೆದೇವರ ಹೆಸರು ಹೇಳಿ ಗುದ್ದಾಡಿದರೂ ಅಷ್ಟೆ.

ಗಂಗಮ್ಮ ದೇಸಾಯಿ ಸ್ಮಾರಕ ಆಸ್ಪತ್ರೆಯಲ್ಲಿ ಈ ನಕ್ಷತ್ರಗಳನ್ನು ಕಾಯುವ ಕೆಲಸ ನೀಲಾಂಬಿಕಾ ಹೂಗಾರಳದು. ಊರವರ ಬಾಯಲ್ಲಿ ಅದು ದೇಸಾಯರ ದವಾಖಾನೆ. ನೀಲಾಂಬಿಕಾ ಅದೇ ಆಸ್ಪತ್ರೆಯ ಹಳೆಯ ಕಟ್ಟಡದಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು. ಕೈಗುಣ ಒಳ್ಳೆಯದು, ಬಾಯಿ ಸ್ವಲ್ಪ ಜೋರು ಎಂಬ ಹೆಸರು ಗಳಿಸಿದ್ದಳು. ಈಗ ಅವಳಿಗೆ ಗುಣಮಟ್ಟ ಅಧಿಕಾರಿ ಎಂಬ ಪಟ್ಟ, ಕೂರಲು ಕಂಟ್ರೋಲ್ ರೂಮಿನ ತಣ್ಣನೆಯ ಕುರ್ಚಿ, ಎದುರಿಗೆ ಗೋಡೆಯ ತುಂಬ ಪರದೆಗಳು. ಒಂದೊಂದು ಮಂಚಕ್ಕೆ ಒಂದೊಂದು ಚೌಕ. ಹಸಿರಾಗಿದ್ದರೆ ನೆಮ್ಮದಿ, ಕೆಂಪಾದರೆ ಓಟ.

ಈ ಹಸಿರು ಕೆಂಪುಗಳನ್ನು ತೀರ್ಮಾನಿಸುತ್ತಿದ್ದ ಯಂತ್ರದ ಹೆಸರು ಪಹರೆ. ನೋಡಲು ಅಂಥ ದೊಡ್ಡ ವಸ್ತುವೇನಲ್ಲ. ಚಪಾತಿ ಮಾಡುವ ಮಣೆಗಿಂತ ಸ್ವಲ್ಪ ಅಗಲದ, ತೆಳ್ಳಗಿನ ಒಂದು ಹಾಳೆ. ಗಾದಿಯ ಕೆಳಗೆ, ಎದೆ ಬರುವ ಜಾಗದಲ್ಲಿ ಅದನ್ನು ಇಡುತ್ತಿದ್ದರು. ಮೇಲೆ ಮಲಗಿದವರ ಎದೆ ಏರಿ ಇಳಿಯುವುದು ಗಾದಿಯನ್ನು ದಾಟಿ ಅದಕ್ಕೆ ತಿಳಿಯುತ್ತಿತ್ತು. ಉಸಿರು ನಿಧಾನವಾದರೆ, ನಿಂತರೆ, ನರ್ಸಿನ ಮುಂಗೈಗೆ ಕಟ್ಟಿದ ಪಟ್ಟಿ ನಡುಗಿ ಮಂಚದ ನಂಬರು ಹೇಳುತ್ತಿತ್ತು. ಎಷ್ಟು ಕರೆ ಬಂದವು, ಎಷ್ಟಕ್ಕೆ ಹೊತ್ತಿಗೆ ಸರಿಯಾಗಿ ಓಡಿ ಹೋದರು, ಯಾರು ಮಂಚದಿಂದ ಬಿದ್ದರು, ಯಾರಿಗೆ ತಪ್ಪು ಔಷಧಿ ಹೋಯಿತು, ಎಲ್ಲವೂ ಸೇರಿ ನಕ್ಷತ್ರವಾಗುತ್ತಿತ್ತು. ಪಹರೆ ಬಂದ ಮೇಲೆ ರೋಗಿಯ ಜೊತೆ ಮನೆಯವರು ಚಾಪೆ ಹಾಸಿಕೊಂಡು ಮಲಗುವ ಪದ್ಧತಿಯನ್ನೂ ತೆಗೆದುಹಾಕಿದರು. ಯಂತ್ರ ಕಣ್ಣು ಮುಚ್ಚದೆ ನೋಡುತ್ತಿರುವಾಗ ಮಂದಿ ಯಾಕೆ, ಮಂದಿ ಬಂದರೆ ಸೋಂಕು ಬರುತ್ತದೆ ಎಂಬುದು ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ.

ತಾಪತ್ರಯ ಶುರುವಾದದ್ದು ಹೊಸ ಕಟ್ಟಡದ ಎರಡನೇ ಮಹಡಿಯಿಂದ. ಆಪರೇಷನ್ ಆದವರನ್ನು ಇಡುವ ವಾರ್ಡು ಅದು. ಉಳಿದ ಮಹಡಿಗಳಲ್ಲಿ ಇಲ್ಲದ ಕರೆ ಅಲ್ಲಿ. 'ಹದಿನಾಲ್ಕನೇ ಮಂಚ, ಉಸಿರಿಲ್ಲ' ಎಂದು ಪಟ್ಟಿ ನಡುಗುತ್ತಿತ್ತು. ನರ್ಸು ಸಿರಿಂಜು ಹಿಡಿದು ಓಡಿದರೆ ಹದಿನಾಲ್ಕನೇ ಮಂಚದ ಯಜಮಾನ ಬಾಯಿ ತೆರೆದು ಗೊರಕೆ ಹೊಡೆಯುತ್ತಿರುತ್ತಿದ್ದ. ತೋಳ ಬಂತು ತೋಳ ಅಂದ ಹಾಗಾಯಿತು. ಹತ್ತು ಸಲ ಓಡಿದವರ ಕಾಲು ಹನ್ನೊಂದನೇ ಸಲ ತಾನಾಗಿಯೇ ನಿಧಾನವಾಗುತ್ತದೆ. ನಿಧಾನವಾದದ್ದನ್ನೂ ಪಹರೆ ಬರೆದುಕೊಂಡಿತು. ಗೇಟಿನ ಮೇಲೆ ನಾಲ್ಕಿದ್ದ ನಕ್ಷತ್ರ ಮೂರಾಯಿತು, ಎರಡಾಯಿತು, ಆಂಬುಲೆನ್ಸುಗಳು ಬರುವುದು ನಿಂತಿತು.

ಪಹರೆಯ ಕಂಪನಿಯಿಂದ ಇಮ್ತಿಯಾಜ್ ನದಾಫ್ ಬಂದ. ಇದೇ ಊರಿನ ಹುಡುಗ, ಇಂಜಿನಿಯರು, ಚುರುಕು. ಎರಡು ದಿನ ಹಾಳೆಗಳನ್ನು ಬಿಚ್ಚಿ ನೋಡಿ, ಅವು ಗಟ್ಟಿಮುಟ್ಟಾಗಿವೆ, ಹೊಸ ಗಾದಿಗಳೇ ದಪ್ಪವಾದವು ಎಂದು ತೀರ್ಮಾನ ಕೊಟ್ಟ.

"ಮೇಡಂ, ಗಾದಿ ಬದಲಿ ಮಾಡೂದಂದ್ರ ವರ್ಷ ಹಿಡೀತೈತಿ. ನಾ ಒಂದ್ ಸೆಟ್ಟಿಂಗ್ ಹಾಕ್ತೇನಿ. ಹಾಳಿ ಮ್ಯಾಲೆ ಭಾರ ಐತಿ, ಆದ್ರ ಉಸಿರ ಸಿಗವಲ್ದು ಅಂದ್ರ, ಮನಷ್ಯಾ ಅಂತೂ ಮಲಗ್ಯಾನ ಅಂತ ತಿಳ್ಕೊಂಡು, ಕಡೀಗೆ ಸಿಕ್ಕ ನಂಬರ್ ತೋರಿಸ್ಕೊಂತ ಇರ್ತೈತಿ. ಸುಮ್‌ಸುಮ್ನ ಒದರೂದು ತಪ್ಪತೈತಿ."

ನೀಲಾಂಬಿಕಾ ಅದನ್ನು ಸುಮ್ಮನೆ ಒಪ್ಪಲಿಲ್ಲ. ಒಂದು ವಾರ ಪರೀಕ್ಷೆ ಮಾಡಿಸಿದಳು. ತಾನೇ ಒಂದು ಮಂಚದ ಮೇಲೆ ಮಲಗಿ ನೋಡಿದಳು. ಹುಸಿ ಕರೆಗಳು ಪೂರ್ತಿ ನಿಂತವು. ಒಪ್ಪಿಗೆಯ ಗುಂಡಿ ಒತ್ತಿದಳು. ನಿಜದ ಕರೆಯೂ ನಿಂತಿತೇ ಎಂದು ನೋಡುವುದು ಅವಳಿಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ.

ನಕ್ಷತ್ರಗಳು ಏರಿದವು. ಆ ನಡುವೆ ಎರಡನೇ ಮಹಡಿಯಲ್ಲಿ ಒಂದು ಸಾವಾಯಿತು. ಹರ್ನಿಯಾ ಆಪರೇಷನ್ ಆದ ಬೆಟಗೇರಿಯ ಮನುಷ್ಯ, ಫಕೀರಪ್ಪ. ಬೆಳಿಗ್ಗೆ ಚಹಾ ತಂದವರು ಎಬ್ಬಿಸಿದಾಗ ಏಳಲಿಲ್ಲ. ಪಹರೆ ಕೊನೆಯವರೆಗೂ ಹಸಿರು ತೋರಿಸಿದ್ದರಿಂದ ಹೃದಯ ಒಮ್ಮೆಲೇ ನಿಂತಿದೆ, ತಪ್ಪಿಸಲಾಗದ ಸಾವು ಎಂದು, ಸಾವುಗಳನ್ನು ಪರಿಶೀಲಿಸುವ ಆಸ್ಪತ್ರೆಯ ಸಮಿತಿ ಹೇಳಿತು. ನೀಲಾಂಬಿಕಾಳಿಗೆ ಕೆಟ್ಟದೆನಿಸಿತು. ಆದರೆ ಆಸ್ಪತ್ರೆ ಅಂದ ಮೇಲೆ ಸಾವೂ ಇರುತ್ತದೆ. ಹದಿನೈದು ದಿನಕ್ಕೆ ಐದನೇ ನಕ್ಷತ್ರವೂ ಹತ್ತಿತು, ಸೂಪರಿಂಟೆಂಡೆಂಟ್ ಡಾಕ್ಟರ್ ಕಟಗೇರಿ ಎಲ್ಲರಿಗೂ ಧಾರವಾಡ ಪೇಢೆ ಹಂಚಿದರು.

ಪೇಢೆಯನ್ನು ಮನೆಗೂ ತಂದಳು. ಗಂಡ ಮಹಾಂತೇಶ ಒಂದನ್ನು ಬಾಯಿಗೆ ಹಾಕಿಕೊಂಡು, ಸಾರಿನ ಬಟ್ಟಲನ್ನು ಮುಂದೆ ಸರಿಸಿದ.

"ಇವತ್ತಿನ ಸಾರಿಗೆ ಎಷ್ಟ ಸ್ಟಾರ್ ಕೊಡ್ಲಿ, ಅಧಿಕಾರಿಗಳೇ?"

ಅತ್ತೆ ಚನ್ನವ್ವ ರೊಟ್ಟಿ ಮುರಿಯುತ್ತಿದ್ದವಳು ತಲೆಯೆತ್ತಿದಳು. "ಉಪ್ಪ ಹಾಕದ ಸಾರಿಗೆ ಸ್ಟಾರ್ ಹಚ್ಚಿದ್ರ ಉಪ್ಪ ಬರ್ತೈತೇನ? ಕೊಡೂದಿದ್ರ ಉಪ್ಪ ಕೊಡು."

ಮಾತಿಗೆ ಮಾತು ಕೊಡುವ ಅತ್ತೆ ಸೊಸೆ ಇಬ್ಬರೂ. ಆದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಊಟ ಸೇರುತ್ತಿರಲಿಲ್ಲ. ಮದುವೆಯಾಗಿ ಬಂದ ವರ್ಷವೇ ನೀಲಾಂಬಿಕಾಳಿಗೆ ಟೈಫಾಯ್ಡ್ ಆಗಿ, ಚನ್ನವ್ವ ಇಪ್ಪತ್ತು ದಿನ ಅವಳ ತಲೆದೆಸೆ ಬಿಟ್ಟು ಏಳದೆ ಕೂತಿದ್ದಳು. ಅದನ್ನು ಇಬ್ಬರೂ ಎಂದೂ ಬಾಯಿಬಿಟ್ಟು ಆಡಿದವರಲ್ಲ. ಆ ಚನ್ನವ್ವನಿಗೆ ಪಿತ್ತಕೋಶದಲ್ಲಿ ಹರಳಾಗಿ, ಹೊಟ್ಟೆನೋವು ತಡೆಯದಾದಾಗ ನೀಲಾಂಬಿಕಾ ಬೇರೆ ಆಸ್ಪತ್ರೆಯ ಹೆಸರು ಸಹ ಎತ್ತಲಿಲ್ಲ. ಐದು ನಕ್ಷತ್ರ ತಾನೇ ಹಚ್ಚಿದ್ದು. ಅತ್ತೆಯನ್ನು ಕರೆತಂದು ಎರಡನೇ ಮಹಡಿಗೆ ಸೇರಿಸಿದಳು.

ಆಪರೇಷನ್ ಸುಸೂತ್ರವಾಯಿತು. ಮರುದಿನ ಮಧ್ಯಾಹ್ನ ನೋವು ಜಾಸ್ತಿಯೆಂದು ಚನ್ನವ್ವ ನರಳಿದ್ದಕ್ಕೆ ಸಿಸ್ಟರ್ ಸುಮಂಗಲಾ ನೋವಿನ ಇಂಜೆಕ್ಷನ್ ಕೊಟ್ಟು, ಮಲಗಲು ಹೇಳಿ ಹೋದಳು. ಆ ಇಂಜೆಕ್ಷನ್ನಿನ ಸ್ವಭಾವವೆಂದರೆ ನೋವಿನ ಜೊತೆ ಉಸಿರನ್ನೂ ಸ್ವಲ್ಪ ತಗ್ಗಿಸುತ್ತದೆ. ಕೆಲವು ಹಿರಿಯ ಜೀವಗಳಿಗೆ ಸ್ವಲ್ಪಕ್ಕಿಂತ ಹೆಚ್ಚು ತಗ್ಗಿಸುತ್ತದೆ. ಅದಕ್ಕೇ ಪಹರೆ ಇರುವುದು.

ಕಂಟ್ರೋಲ್ ರೂಮಿನಲ್ಲಿ ನೀಲಾಂಬಿಕಾ ಅತ್ತೆಯ ಚೌಕವನ್ನು ಆಗಾಗ ನೋಡುತ್ತಿದ್ದಳು. ಹಸಿರು. ನಿಮಿಷಕ್ಕೆ ಹದಿನಾರು ಉಸಿರು. ಸ್ವಲ್ಪ ಹೊತ್ತು ಬಿಟ್ಟು ನೋಡಿದಳು, ಹದಿನಾರು. ಮಹಾಂತೇಶ ಮನೆಯಿಂದ ಗಂಜಿ ತಂದು ಕೆಳಗೆ ಕೊಟ್ಟು ಹೋದ. ಊಟ ಒಯ್ಯಲು ಹೊರಟವಳು ಇನ್ನೊಮ್ಮೆ ನೋಡಿದಳು, ಹದಿನಾರೇ. ಎಂಥ ಶಿಸ್ತಿನ ಉಸಿರು ನಮ್ಮತ್ತೆಯದು, ಮಾತಿಗಿಲ್ಲದ ಶಿಸ್ತು ಉಸಿರಿಗಿದೆ ಎಂದುಕೊಂಡು ಮೆಟ್ಟಿಲು ಹತ್ತಿದಳು.

ಮಂಚದ ಬಳಿ ಬಂದರೆ ತಲೆಯಿರಬೇಕಾದಲ್ಲಿ ಎರಡು ಪಾದಗಳಿದ್ದವು. ಕಾಲುಂಗುರದ ಬೆರಳುಗಳು ಆಮ್ಲಜನಕದ ನಳದ ಕಡೆ ನೆಟ್ಟಗೆ ನಿಂತಿದ್ದವು. ದಿಂಬು ಮಂಚದ ಕಾಲದೆಸೆಯಲ್ಲಿತ್ತು, ಅದರ ಮೇಲೆ ಚನ್ನವ್ವನ ಮುಖ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎದೆಯ ಮೇಲೆ ಕೈಯಿಟ್ಟು ಕಾದಳು. ಎದೆ ಏರಲಿಲ್ಲ. ಬಹಳ ಹೊತ್ತಿನ ಮೇಲೆ ಒಮ್ಮೆ, ಯಾರೋ ಒತ್ತಾಯಕ್ಕೆ ಎಳೆದ ಹಾಗೆ, ಒಂದು ಉಸಿರು ಬಂತು.

"ಅತ್ತೀ! ಅತ್ತೀ! ಕಣ್ಣ ತಗೀರಿ!"

ಗಂಜಿಯ ಡಬ್ಬಿ ನೆಲಕ್ಕೆ ಬಿತ್ತು. ಸುಮಂಗಲಾ ಓಡಿ ಬಂದಳು. ಆಮ್ಲಜನಕದ ಮುಖವಾಡ ಎಳೆದರೆ ಕೊಳವೆ ಚನ್ನವ್ವನ ಮೊಣಕಾಲಿನವರೆಗೆ ಬಂದು ಬಿಗಿದು ನಿಂತಿತು. ನಳ ಉತ್ತರದ ಗೋಡೆಯಲ್ಲಿ, ಮೂಗು ದಕ್ಷಿಣದಲ್ಲಿ. ಇಬ್ಬರೂ ಹಾಸಿದ ಚಾದರದ ಸಮೇತ ಅವಳನ್ನು ಎತ್ತಿ ತಿರುಗಿಸಿದರು. ನೀಲಾಂಬಿಕಾಳಿಗೆ ಹಳೆಯ ಕೈ ನೆನಪಾಯಿತು. ಮುಖವಾಡ ಒತ್ತಿ ಹಿಡಿದು ಗಾಳಿ ತಳ್ಳಿದಳು, ಸುಮಂಗಲಾ ನೋವಿನ ಔಷಧಿಯ ಅಮಲು ಇಳಿಸುವ ಇಂಜೆಕ್ಷನ್ ಕೊಟ್ಟಳು. ನೀಲಾಂಬಿಕಾ ದೇವರಿಗೆ ಕೈಮುಗಿಯುವವಳಲ್ಲ, ಆ ಹೊತ್ತಿನಲ್ಲಿ ನೆನಪಿಗೆ ಬಂದ ದೇವರನ್ನೆಲ್ಲ ಕರೆದಳು. ತುಟಿಯ ನೇರಳೆ ಕರಗಿ ಮೊದಲಿನ ಬಣ್ಣ ಬಂತು. ಎದೆ ಏರಿ ಇಳಿಯತೊಡಗಿತು.

ಚನ್ನವ್ವ ಕಣ್ಣು ಬಿಟ್ಟು ಅತ್ತಿತ್ತ ನೋಡಿದಳು. ತಾನೆಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಸಿಟ್ಟು ಬಂತು.

"ಯಾಕ ಈ ಕಡೆ ಹೊಳ್ಳಿಸೀರಿ ನನ್ನ? ತಲಿ ಉತ್ತರಕ್ಕಾತು. ಗಣಪ್ಪಗ ಆನಿ ತಲಿ ಹ್ಯಾಂಗ ಬಂತು ಗೊತ್ತಿಲ್ಲೇನ ನಿಮಗ? ಉತ್ತರಕ್ಕ ತಲಿ ಹಾಕಿ ಮಲಗಿದ ಆನೀದ ಕಡದ್ರು."

ನೀಲಾಂಬಿಕಾಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಮಾಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ವಾರ್ಡನ್ನು ಉದ್ದಕ್ಕೂ ನೋಡಿದಳು. ಊಟದ ನಂತರದ ನಿದ್ದೆಯ ಹೊತ್ತು. ಒಂದೆರಡು ಮಂಚ ಬಿಟ್ಟರೆ ಉಳಿದೆಲ್ಲ ಮಂಚಗಳಲ್ಲಿ ದಿಂಬು ಕಾಲದೆಸೆಗೆ ಹೋಗಿತ್ತು. ಉತ್ತರದ ಗೋಡೆಗೆ ಸಾಲಾಗಿ ಪಾದಗಳು.

"ಇವ್ರು ದಿನಾ ಹಿಂಗ ಮಲಗ್ತಾರೇನ?" ಎಂದು ಕೇಳಿದಳು.

"ಹೌದ್ರೀ ಮೇಡಂ. ರೌಂಡ್ಸಿಗೆ ಡಾಕ್ಟರ್ ಬರೂ ಮುಂದ ನಾವ ಹೊಳ್ಳಿ ಮಲಗ್ರಿ ಅಂತೇವಿ, ಹೊಳ್ಳತಾರ. ಅವರು ಹೋದ ಮ್ಯಾಲೆ ಮತ್ತ ಹಂಗ. ಉತ್ತರಕ್ಕ ಯಾರ್ ಮಲಗ್ತಾರ್ರೀ?" ಸುಮಂಗಲಾ ಅದನ್ನು ಬೆಳಿಗ್ಗೆ ಸೂರ್ಯ ಹುಟ್ಟುತ್ತಾನೆ ಅನ್ನುವ ಹಾಗೆ ಹೇಳಿದಳು.

ಅವಳನ್ನು ಬೈಯಲು ನೀಲಾಂಬಿಕಾಳಿಗೆ ಬಾಯಿ ಬರಲಿಲ್ಲ. ತಾನೂ ಮನೆಯಲ್ಲಿ ದಕ್ಷಿಣಕ್ಕೆ ತಲೆ ಹಾಕಿ ಮಲಗುವವಳೇ. ಹಳೆಯ ಕಟ್ಟಡದಲ್ಲಿ ಮಂಚಗಳ ತಲೆ ಪೂರ್ವಕ್ಕಿತ್ತು, ಯಾರಿಗೂ ತಕರಾರು ಇರಲಿಲ್ಲ. ಹೊಸ ಕಟ್ಟಡದ ಈ ಮಹಡಿಯಲ್ಲಿ ಮಾತ್ರ ನಳದ ಕೆಲಸದವರು ಅನುಕೂಲವೆಂದು ಉತ್ತರದ ಗೋಡೆ ಹಿಡಿದಿದ್ದರು. ಉದ್ಘಾಟನೆಯ ದಿನ ಇದೇನು ದಿಕ್ಕು ಎಂದು ನಾಲ್ಕು ಜನ ಗೊಣಗಿ, ಪೂಜೆ ಮುಗಿಸಿ, ಊಟ ಮಾಡಿ ಹೋಗಿದ್ದರು. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ದಿನಾ ಯಾರಾದರೂ ಸಾರುತ್ತಾರೆಯೇ?

ಅಂದರೆ ಇಷ್ಟು ದಿನ ಪಹರೆ ಕಾದದ್ದು ಜನರ ಮೀನಖಂಡಗಳನ್ನು. ಕಾಲಿಗೆ ಉಸಿರಿಲ್ಲ. ಗಾದಿಯೂ ಸರಿಯಿತ್ತು, ಹಾಳೆಯೂ ಸರಿಯಿತ್ತು, ಅದು ಹೇಳಿದ್ದೂ ನಿಜವೇ ಆಗಿತ್ತು. ಅದರ ಬಾಯಿಗೆ ಬಟ್ಟೆ ತುರುಕಿದ್ದು ತಾವು.

ಅರ್ಧ ಗಂಟೆಯಲ್ಲಿ ಇಮ್ತಿಯಾಜ್ ಬಂದ. ವಿಷಯ ಕೇಳಿ ಹಣೆ ಚಚ್ಚಿಕೊಂಡ.

"ನಮ್ಮನ್ಯಾಗ ಪಶ್ಚಿಮಕ್ಕ ಕಾಲ್ ಚಾಚಂಗಿಲ್ರೀ ಮೇಡಂ. ಉತ್ತರದ್ದು ನನಗ ಹೊಳೀಲೇ ಇಲ್ಲ."

"ನನಗ ಹೊಳೀಬೇಕಿತ್ತು. ನೀ ಆ ಖಾಲಿ ಮಂಚದ ಮ್ಯಾಲೆ ಮಲಗು. ಹಾಳಿ ಮ್ಯಾಲೆ ಸರಿಯಾಗಿ ಎದಿ ಬರೂ ಹಂಗ, ತಲಿ ಉತ್ತರಕ್ಕ. ಮಲಗಿ ಉಸಿರ ಹಿಡಿ."

ಅವಳು ಕೈಯಲ್ಲಿನ ಪರದೆ ನೋಡುತ್ತ ನಿಂತಳು. ಇಮ್ತಿಯಾಜ್ ಮಲಗಿ ನಾಲ್ಕು ಸಲ ಉಸಿರಾಡಿದ. ಪರದೆಯಲ್ಲಿ ಹದಿನೆಂಟು ಬಂತು. ಅವನು ಉಸಿರು ಹಿಡಿದ. ಹದಿನೆಂಟು. ಅವನ ಮುಖ ಕೆಂಪಾಯಿತು, ಹಣೆಯ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಹದಿನೆಂಟು, ಹಸಿರು. ಕೊನೆಗೆ ಅವನು ಭುಸ್ಸನೆ ಉಸಿರು ಬಿಟ್ಟು ಎದ್ದು ಕೂತ.

"ನಾ ಸತ್ತಿದ್ರೂ ಹದಿನೆಂಟ ತೋರ್ಸತಿತ್ತಲ್ರೀ ಮೇಡಂ."

ಇಬ್ಬರೂ ಕಂಟ್ರೋಲ್ ರೂಮಿಗೆ ಇಳಿದು ಬಂದರು. ಪಹರೆ ಪರದೆಗೆ ತೋರಿಸುವುದು ಒಂದಾದರೆ ಹಾಳೆ ಅನುಭವಿಸಿದ್ದು ಬೇರೆ. ಆ ಅಲೆಗಳೂ ಯಂತ್ರದ ನೆನಪಿನಲ್ಲಿ ಉಳಿದಿರುತ್ತವೆ, ಸಾಮಾನ್ಯವಾಗಿ ಯಾರೂ ತೆಗೆದು ನೋಡುವುದಿಲ್ಲ. ಬೆಟಗೇರಿಯ ಫಕೀರಪ್ಪನ ಕೊನೆಯ ದಿನದ ಅಲೆಯನ್ನು ತೆಗೆ ಎಂದಳು.

ಫಕೀರಪ್ಪ ಕಾಲದೆಸೆಗೆ ತಲೆ ಹಾಕಿರಲಿಲ್ಲ. ಸಂಜೆಯ ರೌಂಡ್ಸಿಗೆ ನರ್ಸು ಸರಿಯಾಗಿ ಮಲಗಿಸಿದ ಹಾಗೆಯೇ ಮಲಗಿದ್ದ. ಅವನ ಎದೆ ಹಾಳೆಯ ಮೇಲೇ ಇತ್ತು. ಅಲೆಗಳು ಅಚ್ಚುಕಟ್ಟಾಗಿ ಏರಿ ಇಳಿದಿದ್ದವು. ಇಂಜೆಕ್ಷನ್ನಿನ ಮೇಲೆ ಗಿಡ್ಡವಾದವು, ದೂರ ದೂರವಾದವು. ಒಂದು ಕಡೆ ಗೆರೆ ನೆಟ್ಟಗಾಯಿತು. ಆ ನೆಟ್ಟಗಿನ ಗೆರೆಯ ಪಕ್ಕದಲ್ಲಿ ಪಹರೆ ನರ್ಸುಗಳಿಗೆ ತೋರಿಸಿದ ಸಂಖ್ಯೆ, ಚಹಾ ತರುವವರು ಬರುವವರೆಗೂ, ಹದಿನೈದು.

ಇಮ್ತಿಯಾಜ್ ಆ ಗೆರೆಯ ಮೇಲೆ ಬೆರಳಾಡಿಸಿದ. ಆಮೇಲೆ ಹೇಳಿದ, "ಮೇಡಂ, ಇನ್ನೊಂದ್ ಐತಿ. ಈ ಸೆಟ್ಟಿಂಗ್ ಹಾಕಿದ ಮ್ಯಾಲೆ ನಿಮ್ಮ ಸ್ಟಾರ್ ಏರಿದ್ದು ನೋಡಿ ಕಂಪನಿಯವ್ರು ನನ್ನ ಬೆನ್ನ ಚಪ್ಪರಿಸಿದ್ರು. ಬಾಕಿ ದವಾಖಾನಿಗೂ ಕಳ್ಸ್ಯಾರ."

"ಎಷ್ಟಕ್ಕ?"

"ಕೇಳಿದವ್ರಿಗೆಲ್ಲಾ. ಸ್ಟಾರ್ ಬೇಡ ಅಂದಾವ್ರು ಯಾರದಾರ್ರೀ?"

ಡಾಕ್ಟರ್ ಕಟಗೇರಿ ಕೆಟ್ಟ ಮನುಷ್ಯರಲ್ಲ. ಎಲ್ಲವನ್ನೂ ಅಡ್ಡ ಮಾತಾಡದೆ ಕೇಳಿದರು. ಎರಡನೇ ಮಹಡಿಯ ಆ ಸೆಟ್ಟಿಂಗನ್ನು ಅವಳ ಎದುರಿಗೇ ಫೋನು ಮಾಡಿ ತೆಗೆಸಿದರು. ಪ್ರತಿ ಮಂಚದ ಬಳಿ ಮನೆಯವರೊಬ್ಬರು ಇರಲಿ ಎಂದು ಅಪ್ಪಣೆ ಕೊಟ್ಟರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಬೆಂಗಳೂರಿಗೆ ಬರದ್ರ ಏನಾಗ್ತೈತಿ ಗೊತ್ತಲ್ಲ? ತಪ್ಪ ನಾವ ಹೇಳ್ಕೊಂಡ್ರೂ ಮೂರ ತಿಂಗಳ ಒಂದ ಸ್ಟಾರ್. ಈ ಊರಾಗ ಹಾರ್ಟ್ ಅಟ್ಯಾಕಿಗೆ ಹಗಲೂ ರಾತ್ರಿ ನೋಡೂ ವ್ಯವಸ್ಥಾ ಇರೂದು ನಮ್ಮಲ್ಲಿ ಒಂದ. ಆಂಬುಲೆನ್ಸ್ ನಮ್ಮ ಗೇಟ್ ದಾಟಿ ಹುಬ್ಬಳ್ಳಿಗೆ ಹೋಗ್ತಾವ. ಸ್ಟಾರ್ ಹೋದ್ರ ನನ್ನ ಮಾನ ಹೋಗೂದಲ್ಲ ನೀಲಾಂಬಿಕಾ ಅವ್ರ, ಹಾದ್ಯಾಗ ಜೀವ ಹೋಗ್ತಾವ. ಸೆಟ್ಟಿಂಗ್ ತಗದೇವಿ. ಸುಮ್ನ ಸರಿ ಮಾಡ್ಕೊಂಡು ಹೋಗೂಣು."

ಅವರು ಹೇಳಿದ್ದು ಸುಳ್ಳಲ್ಲ.

"ನಮ್ಮಲ್ಲೇನೋ ತಗದ್ವಿ ಸರ್. ಬಾಕಿ ಊರಾಗ ಇವತ್ತೂ ಮಂದಿ ಅದರ ಮ್ಯಾಲ ಮಲಗ್ತಾರ. ಅಲ್ಲಿ ಗಂಜಿ ತಗೊಂಡು ಯಾರ್ ಹೋಗ್ತಾರ?"

ಅವರು ಕಿಟಕಿಯ ಕಡೆ ನೋಡಿದರು. ಕನ್ನಡಕ ಮತ್ತೆ ಹಾಕಿಕೊಂಡು, "ಬರೀರಿ," ಎಂದರು. "ನನ್ನ ಹೆಸರೂ ಹಾಕ್ರಿ. ಸಮಿತಿ ಅಧ್ಯಕ್ಷ ನಾನ ಅಲ್ಲೇನು."

ಮರುದಿನ ಬೆಳಿಗ್ಗೆ ಗೇಟಿನ ಮೇಲೆ ಒಂದೇ ನಕ್ಷತ್ರ ಉರಿಯುತ್ತಿತ್ತು. ಎದುರಿನ ಚಹಾದಂಗಡಿಯವನು ನಿನ್ನೆಯವರೆಗೆ ಐದಿತ್ತಲ್ಲ, ಬಲ್ಬು ಸುಟ್ಟಿತೇ ಎಂದು ವಾಚ್‌ಮನ್‌ನ ಬಳಿ ವಿಚಾರಿಸಿದ. ಬೆಂಗಳೂರಿನಿಂದ ಆ ಸೆಟ್ಟಿಂಗನ್ನು ಎಲ್ಲೆಡೆ ತೆಗೆಯಬೇಕೆಂಬ ಆದೇಶ ಮಧ್ಯಾಹ್ನದೊಳಗೆ ಹೊರಟಿತು. ಮುಂದಿನ ದಿನಗಳಲ್ಲಿ ಬೇರೆ ಬೇರೆ ಊರುಗಳ ಗೇಟುಗಳ ಮೇಲೂ ನಕ್ಷತ್ರಗಳು ಆರಿದವು. ಎಲ್ಲ ಆಸ್ಪತ್ರೆಯವರೂ ದೇಸಾಯರ ದವಾಖಾನೆಗೆ ಹಿಡಿಶಾಪ ಹಾಕಿದರು. ಒಂದು ಸಂಜೆ ಸೈರನ್ ಹಾಕಿಕೊಂಡು ಬಂದ ಆಂಬುಲೆನ್ಸು ಗೇಟಿನ ಮುಂದೆ ಒಂದಿಷ್ಟೂ ನಿಧಾನಿಸದೆ ಹುಬ್ಬಳ್ಳಿ ರಸ್ತೆ ಹಿಡಿಯಿತು. ಕಟಗೇರಿ ಡಾಕ್ಟರು ಬಾಲ್ಕನಿಯಲ್ಲಿ ನಿಂತು ಅದರ ಸದ್ದು ಕೇಳದಾಗುವವರೆಗೂ ನೋಡಿದರು. ನೀಲಾಂಬಿಕಾ ಪಕ್ಕದಲ್ಲೇ ಇದ್ದಳು. ಒಳಗಿದ್ದವರು ಯಾರೋ, ಉಳಿದರೋ ಇಲ್ಲವೋ ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಆ ಚಿಂತೆ ಅವಳನ್ನು ಬಿಟ್ಟೂ ಇಲ್ಲ.

ಎರಡನೇ ಮಹಡಿಯಲ್ಲಿ ನಳಗಳನ್ನು ದಕ್ಷಿಣದ ಗೋಡೆಗೆ ಎಳೆಯುವ ಕೆಲಸ ಶುರುವಾಯಿತು. ಇಮ್ತಿಯಾಜ್ ಅಲ್ಲಿಯವರೆಗೆ ಕಾಯದೆ ಪ್ರತಿ ಗಾದಿಯ ಎರಡೂ ತುದಿಗೆ ಒಂದೊಂದು ಹಾಳೆ ಇಟ್ಟ. ತಲೆ ಎತ್ತ ಬೇಕಾದರೂ ಹಾಕಿ ಎಂದ. ನೀಲಾಂಬಿಕಾ ಹೊಸದೊಂದು ಪದ್ಧತಿ ಹಾಕಿದಳು. ದಿನಾ ಬೆಳಿಗ್ಗೆ ಡ್ಯೂಟಿಗೆ ಬಂದವರಲ್ಲಿ ಒಬ್ಬರು, ಸರದಿಯ ಪ್ರಕಾರ, ಒಂದು ಖಾಲಿ ಮಂಚದ ಮೇಲೆ ಮಲಗಿ ಕರೆ ಬರುವವರೆಗೆ ಉಸಿರು ಹಿಡಿಯಬೇಕು. ಮೊದಲ ದಿನ ಡಾಕ್ಟರ್ ಕಟಗೇರಿಯವರೇ ಬೂಟು ಬಿಚ್ಚಿ ಮಲಗಿದರು. ಪಟ್ಟಿಗಳು ನಡುಗಿ ನಾಲ್ಕು ನರ್ಸುಗಳು ಓಡಿ ಬಂದಾಗ ಅವರು ಎದ್ದು ಕೂತು, "ಛಲೋ ಆತು, ನಾ ಉಳಿದೆ," ಎಂದರು.

ಚನ್ನವ್ವ ಮನೆಗೆ ಬಂದಳು. ಸಾರಿಗೆ ಉಪ್ಪು ಕಡಿಮೆಯೆಂದು ಮೊದಲ ದಿನವೇ ಹೇಳಿದಳು. ಎರಡನೇ ದಿನ ಸೊಸೆ ತಟ್ಟೆಯ ಮುಂದೆ ಸುಮ್ಮನೆ ಕೂತಿರುವುದನ್ನು ನೋಡಿ ರೊಟ್ಟಿ ಕೆಳಗಿಟ್ಟಳು.

"ಏನ್ ನುಂಗಾಕತ್ತೀದಿ ಒಳಗಿಂದೊಳಗ? ಹೇಳು."

ನೀಲಾಂಬಿಕಾ ಫಕೀರಪ್ಪನ ವಿಷಯ ಹೇಳಿದಳು. ಆಸ್ಪತ್ರೆ ಅವನ ಮನೆಗೆ ಪತ್ರ ಕಳಿಸಲಿದೆ, ನಿಯಮದ ಪ್ರಕಾರ ಅಷ್ಟು ಸಾಕು ಎಂದೂ ಹೇಳಿದಳು.

"ಪತ್ರಕ್ಕ ಬಾಯೈತೇನ?" ಎಂದಳು ಚನ್ನವ್ವ. "ಅವ್ರು ಏನಾರ ಕೇಳಿದ್ರ ಅದು ಹೇಳತೈತೇನ? ಹೋಗಿ ಬಾ."

ಮರುದಿನ ಮಧ್ಯಾಹ್ನ ನೀಲಾಂಬಿಕಾ ಬೆಟಗೇರಿಗೆ ಹೋದಳು. ಮುಚ್ಚಿದ ಸ್ಕೂಟರ್ ರಿಪೇರಿ ಅಂಗಡಿಯ ಹಿಂದೆಯೇ ಮನೆ. ಫಕೀರಪ್ಪನ ಹೆಂಡತಿ ಕಸ್ತೂರೆವ್ವ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ಇನ್ನೂ ಸಣ್ಣ ವಯಸ್ಸು. ನೀಲಾಂಬಿಕಾ ತಾನು ಯಾರೆಂದು ಹೇಳಿದೊಡನೆ ಅವಳ ಕೈ ಮೊರದ ಮೇಲೆ ನಿಂತಿತು. ಕೂರಿ ಎನ್ನಲಿಲ್ಲ. ನೀಲಾಂಬಿಕಾ ತಾನೇ ಕಟ್ಟೆಯ ತುದಿಗೆ ಕೂತಳು.

"ನಿಮ್ಮ ಯಜಮಾನ್ರ ವಿಷಯ ಹೇಳಾಕ ಬಂದೇನ್ರೀ," ಎಂದಳು.

ಕಸ್ತೂರೆವ್ವ ಅವಳ ಮಾತು ಮುಗಿಯುವ ಮೊದಲೇ ಶುರು ಮಾಡಿದಳು. ಯಾರಾದರೂ ಕೇಳಲಿ ಎಂದು ಕಾದಿದ್ದವಳ ಹಾಗೆ ಒಂದೇ ಉಸಿರಿಗೆ ಹೇಳಿದಳು.

"ನಾ ಹೇಳಿದ್ದೆರೀ. ಮಂದಿ ಎಲ್ಲಾ ಹೊರಗ ಹೋಗ್ರಿ ಅಂದ್ರು, ನಾ ಹೊಂಟ ನಿಂತಾಗ ಹೇಳಿದೆ, ದಿಂಬ ಈ ಕಡೆ ಹಾಕ್ತೇನಿ, ಹೊಳ್ಳಿ ಮಲಗ್ರಿ ಅಂತ. ನೋವ ಬಾಳ ಐತಿ, ಹೊಳ್ಳಾಕ ಆಗೂದಿಲ್ಲ, ಸುಮ್ನ ಹೋಗ ಅಂದ್ರು. ಬಂದ್ಬಿಟ್ಟೆ. ಹೊಳ್ಳಿಸಿ ಬರಬೇಕಿತ್ತು. ಉ‌ತ್ತರಕ್ಕ ತಲಿ ಮಾಡಿ ಮಲಗಿಸಿ ಬಂದಿ, ನನ್ನ ಮಗನ್ನ ನೀನ ಕೊಂದಿ ಅಂತಾರ ನಮ್ಮತ್ತಿ. ದಿನಾ ಅಂತಾರ. ಓಣ್ಯಾಗೂ ಅಂತಾರ."

ನೀಲಾಂಬಿಕಾ ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದಳು. ಅದರಲ್ಲಿ ಒಂದೂ ಈಗ ಉಪಯೋಗಕ್ಕೆ ಬರಲಿಲ್ಲ.

"ದಿಕ್ಕಿಂದ ಏನೂ ಆಗಿಲ್ಲವ್ವಾ," ಎಂದಳು. "ಅವತ್ತ ಅವ್ರು ಸರಿಯಾಗೇ ಮಲಗಿದ್ರು. ಗಾದಿ ತಳಗ ಒಂದ್ ಯಂತ್ರ ಇರತೈತಿ, ಉಸಿರ ಕಡಿಮಿ ಆದ್ರ ನರ್ಸಿಗೆ ಹೇಳತೈತಿ. ಅವ್ರ ಉಸಿರ ಕಡಿಮಿ ಆದದ್ದು ಅದಕ್ಕ ಗೊತ್ತಾಗಿತ್ತು. ಆದ್ರ ಅದು ಸುಮ್‌ಸುಮ್ನ ಒದರತೈತಿ ಅಂತ ನಾವ ಅದರ ಬಾಯಿ ಮುಚ್ಚಿದ್ವಿ. ಹಂಗಾಗಿ ಯಾರೂ ಬರಲಿಲ್ಲ. ಬಂದಿದ್ರ ಉಳೀತಿದ್ರು ಅಂತ ನಾ ಆಣಿ ಮಾಡಿ ಹೇಳಾಕ ಆಗೂದಿಲ್ಲ. ಆದ್ರ ಬರಬೇಕಿತ್ತು. ನಿಮ್ಮದೇನೂ ತಪ್ಪಿಲ್ಲ."

ಕಸ್ತೂರೆವ್ವ ಅವಳ ಮುಖವನ್ನೇ ನೋಡುತ್ತಿದ್ದಳು. ಮೊರದ ಕಾಳನ್ನು ಒಂದು ಕಡೆ ಸರಿಸಿದಳು, ಮತ್ತೆ ಇನ್ನೊಂದು ಕಡೆ ಸರಿಸಿದಳು.

"ಬಾಯಿ ಮುಚ್ಚಿದ್ದು ಯಾರು?"

"ಒಪ್ಪಿಗಿ ಕೊಟ್ಟಾಕಿ ನಾನ."

ಬೈಗುಳ ಬರುತ್ತದೆಂದು ನೀಲಾಂಬಿಕಾ ಕಾದಳು. ಬಂದರೆ ತಲೆಯೊಡ್ಡಿ ಕೇಳಬೇಕೆಂದೇ ಬಂದವಳು ಅವಳು. ಒಳಗಿನಿಂದ ಮುದುಕಿಯೊಬ್ಬಳ ಕೆಮ್ಮು ಕೇಳಿತು. ಯಾರದು ಹೊರಗೆ ಎಂದು ಕೇಳುವ ದನಿ ಕೇಳಿತು. ಕಸ್ತೂರೆವ್ವ ಮೊರ ಕೆಳಗಿಟ್ಟು ಎದ್ದು ನಿಂತಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ನಿಮಗ ಏನ್ ಅನ್ನಬೇಕು ಆಮ್ಯಾಲ ಅಂತೇನಿ," ಎಂದಳು. "ಮೊದಲ ಒಳಗ ಬರ್ರಿ. ಈಗ ನನಗ ಹೇಳಿದ್ದನ್ನ ನಮ್ಮ ಅತ್ತಿ ಮುಂದ ಇನ್ನೊಮ್ಮೆ ಹೇಳ್ರಿ. ಓಣಿಗೆ ಕೇಳೂ ಹಂಗ ಹೇಳ್ರಿ."

ನೀಲಾಂಬಿಕಾ ಚಪ್ಪಲಿ ಬಿಟ್ಟು ಒಳಗೆ ಹೋದಳು.